ಪ್ಲಾಟಿನ ಗಡಿ ದಾಟುವುದಕ್ಕಷ್ಟೇ ನಿಯಮ: ಬಡಾವಣೆ ಸಂಘಗಳಿಗೆ ಬಹಿರಂಗ ಪತ್ರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪಟ್ಟಣಗಳ ಬಡಾವಣೆ ನಿವಾಸಿಗಳ ಸಂಘಗಳು, ಗೃಹ ನಿರ್ಮಾಣ ಸಹಕಾರ ಸಂಘಗಳು ಹಾಗೂ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಪದಾಧಿಕಾರಿಗಳಿಗೆ ಮತ್ತು ಸದಸ್ಯರಿಗೆ,

ವಿಷಯ: ಮನೆಗಳ ಹೊರಮೈ ಬದಲಾವಣೆ ಮತ್ತು ಆಸ್ತಿಯ ಉಸ್ತುವಾರಿಗೆ ಸಂಘಗಳು ಮಾಡಿಕೊಳ್ಳುವ ನಿಯಮಗಳು.

ಮನೆಯ ಹೊರಮೈಯಲ್ಲಿ ಮಾಡುವ ಬದಲಾವಣೆಗೆ ಈ ಮೂರು ಪಟ್ಟಣಗಳಲ್ಲಿ ಮೂರು ಬಗೆಯ ಕಟ್ಟುಗಳಿವೆ: ಸ್ಥಳೀಯ ಸಂಸ್ಥೆಯ ಕಾನೂನು, ನೆರೆಯವರ ಹಕ್ಕು, ಸಂಘದ ನಿಯಮ. ಮೊದಲ ಎರಡು ಸಂಘ ಇರಲಿ, ಬಿಡಲಿ, ಇದ್ದೇ ಇರುತ್ತವೆ. ಮೂರನೆಯದಕ್ಕೆ ಸದಸ್ಯರು ಒಪ್ಪಿ ಬರೆದುಕೊಂಡಷ್ಟೇ ಬಲ. ಸಂಘದ ನಿಯಮಾವಳಿ ಬರೆಯುವವರಿಗೆ ಒಂದೇ ಅಳತೆಗೋಲು ಸಾಕಾಗುತ್ತದೆ: ಬದಲಾವಣೆಯ ಪರಿಣಾಮ ಪ್ಲಾಟಿನ ಗಡಿ ದಾಟುತ್ತದೆಯೇ? ನೀರು, ಭಾರ, ವಿದ್ಯುತ್ ತಂತಿ, ಓಣಿಯ ದಾರಿ, ಗಾಳಿ, ಬೆಳಕು ಇವುಗಳಲ್ಲಿ ಯಾವುದಾದರೂ ಪಕ್ಕದವರಿಗೆ ತಾಗುವುದಾದರೆ ನಿಯಮ ಬೇಕು. ತಾಗದಿದ್ದರೆ ಅದು ಮಾಲೀಕರ ಇಷ್ಟಕ್ಕೆ ಬಿಟ್ಟ ಮಾತು.

ಕಾನೂನಿನ ತಳಪಾಯ ಮೊದಲು. ಗೋಕಾಕ ನಗರಸಭೆ, ಮೂಡಲಗಿ ಪುರಸಭೆ ಮತ್ತು ಹುಕ್ಕೇರಿ ಪುರಸಭೆ ಮೂರೂ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಕೆಳಗೆ ಬರುತ್ತವೆ. ಆ ಅಧಿನಿಯಮದ 187ನೇ ಪ್ರಕರಣದ ಪ್ರಕಾರ ಹೊಸ ಕಟ್ಟಡಕ್ಕಷ್ಟೇ ಅಲ್ಲದೆ, ಇರುವ ಕಟ್ಟಡದ ಹೊರಭಾಗ ಬದಲಿಸಲು, ಅದಕ್ಕೆ ಹೊಸ ಭಾಗ ಸೇರಿಸಲು, ಹೊರಚಾಚಿದ ಭಾಗವನ್ನು ಮತ್ತೆ ಕಟ್ಟಲು ಕೂಡ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು ಅನುಮತಿ ಪಡೆಯಬೇಕು. ಪಟ್ಟಣದ ಅಂಚು ದಾಟಿ ಗ್ರಾಮ ಪಂಚಾಯಿತಿಯ ಹದ್ದಿನಲ್ಲಿ ಎದ್ದಿರುವ ಎನ್.ಎ. ಪ್ಲಾಟುಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಅನುಮತಿ ಕೊಡುವುದು ಪಂಚಾಯಿತಿ. ಹಾಗಾಗಿ ಸಂಘದ ಒಪ್ಪಿಗೆ ಪತ್ರ ಎಂದೂ ಸ್ಥಳೀಯ ಸಂಸ್ಥೆಯ ಅನುಮತಿಗೆ ಬದಲಿಯಲ್ಲ. ಸಂಘ ಒಪ್ಪಿದ ಮೇಲೂ ನಗರಸಭೆ ನಿರಾಕರಿಸಬಹುದು. ನಗರಸಭೆ ಒಪ್ಪಿದ್ದನ್ನು ಸಂಘ ತಡೆಯಬೇಕಾದರೆ ಅದಕ್ಕೆ ಸದಸ್ಯರು ಮೊದಲೇ ಒಪ್ಪಿದ ಲಿಖಿತ ನಿಯಮದ ಆಧಾರ ಇರಬೇಕು.

ಎರಡನೆಯ ಕಟ್ಟು ನೆರೆಯವರ ಹಕ್ಕು. ಇದರ ಮೂಲ 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1891ರಲ್ಲಿ ಈ ಕಾನೂನನ್ನು ಆ ಪ್ರಾಂತ್ಯಕ್ಕೂ ವಿಸ್ತರಿಸಲಾಯಿತು. ಕಿಟಕಿಯಿಂದ ಬರುವ ಗಾಳಿ ಬೆಳಕನ್ನಾಗಲಿ, ಪಕ್ಕದ ಕಟ್ಟಡದಿಂದ ಗೋಡೆಗೆ ಸಿಗುವ ಆಸರೆಯನ್ನಾಗಲಿ 20 ವರ್ಷ ಅಡೆತಡೆ ಇಲ್ಲದೆ, ಹಕ್ಕೆಂದು ಅನುಭವಿಸಿದ ಮನೆಗೆ ಅದು ಹಕ್ಕಾಗಿಯೇ ನಿಲ್ಲುತ್ತದೆ. ನೆರೆಮನೆಯ ಅಂಗಳದ ಮರ್ಯಾದೆ ಕೆಡುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಊರ ರೂಢಿಯನ್ನೂ ಇದೇ ಕಾನೂನು ರೂಢಿಗತ ಹಕ್ಕಿನ ಉದಾಹರಣೆಯಾಗಿ ಹೇಳುತ್ತದೆ. ಹುಕ್ಕೇರಿಯ ಹಳೆಯ ಓಣಿಗಳಲ್ಲಿ, ಗೋಕಾಕದ ಪೇಟೆಯ ಸುತ್ತ ಗೋಡೆಗೆ ಗೋಡೆ ಹತ್ತಿದ ಮೇಲ್ಮುದ್ದೆ ಮನೆಗಳಿವೆ. ಅಂಥ ಮನೆಯೊಂದನ್ನು ಕೆಡವಿ ಆರ್‌ಸಿಸಿ ಕಟ್ಟುವಾಗ ಪಕ್ಕದ ಮಣ್ಣುಗೋಡೆಯ ಆಸರೆ ತಪ್ಪುತ್ತದೆ. ಸಾಮಾಯಿಕ ಗೋಡೆಯ ವ್ಯಾಜ್ಯಗಳು ಹುಟ್ಟುವುದು ಇಲ್ಲೇ. ಕೆಲಸ ಶುರುವಾಗುವ ಮೊದಲು ಎರಡೂ ಕಡೆಯವರು ಗೋಡೆಯ ಸ್ಥಿತಿಯನ್ನು ಫೋಟೊ ಸಮೇತ ಬರೆದಿಟ್ಟು ಸಹಿ ಹಾಕಬೇಕೆಂಬ ನಿಯಮ ಸಂಘದಲ್ಲಿದ್ದರೆ, ನಂತರ ಬಿರುಕು ಹಳೆಯದೋ ಹೊಸದೋ ಎಂಬ ಜಗಳಕ್ಕೆ ಜಾಗ ಇರುವುದಿಲ್ಲ.

ಮೂರನೆಯ ಕಟ್ಟಾದ ಸಂಘದ ನಿಯಮದ ತೂಕ ಸಂಘದ ಬಗೆಯ ಮೇಲೆ ನಿಂತಿದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಕೆಳಗೆ ಏಳು ಜನ ಸೇರಿದರೆ ನಿವಾಸಿಗಳ ಸಂಘ ನೋಂದಾಯಿಸಬಹುದು; ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು ಸಾಮಾನ್ಯವಾಗಿ ಈ ಬಗೆಯವು. ಇವುಗಳ ನಿಯಮ ಸದಸ್ಯರನ್ನು ಮಾತ್ರ ಹಿಡಿಯುತ್ತದೆ. ಸದಸ್ಯತ್ವ ಬೇಡವೆಂದ ಪ್ಲಾಟಿನ ಮಾಲೀಕರಿಗೆ ಸಂಘ ಕೈಮುಗಿದು ಕೇಳಬಹುದು, ಅಪ್ಪಣೆ ಕೊಡಲಾಗದು. ಗೃಹ ನಿರ್ಮಾಣ ಸಹಕಾರ ಸಂಘಗಳು 1959ರ ಸಹಕಾರ ಸಂಘಗಳ ಅಧಿನಿಯಮದ ಕೆಳಗೆ ನಡೆಯುತ್ತವೆ. ಅಲ್ಲಿ ಉಪವಿಧಿಯ ಜೊತೆಗೆ ನಿವೇಶನ ಹಂಚಿಕೆ ಪತ್ರದಲ್ಲಿ ಹಾಕಿದ ಷರತ್ತೂ ಲೆಕ್ಕಕ್ಕೆ ಬರುತ್ತದೆ. ಎಲ್ಲಕ್ಕಿಂತ ಬಿಗಿ ಇರುವುದು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರಲ್ಲಿ. ಅದರ ಕೆಳಗೆ ಘೋಷಣಾ ಪತ್ರ ಬರೆದುಕೊಟ್ಟ ಕಟ್ಟಡದಲ್ಲಿ ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ತಗ್ಗಿಸುವ ಅಥವಾ ಹೊಸ ರಚನೆ ಸೇರಿಸುವ ಕೆಲಸಕ್ಕೆ ಉಳಿದೆಲ್ಲ ಮಾಲೀಕರ ಒಮ್ಮತದ ಒಪ್ಪಿಗೆ ಬೇಕು. ಬಾಲ್ಕನಿಯನ್ನು ಮುಚ್ಚಿ ಕೋಣೆ ಮಾಡಿಕೊಳ್ಳುವವರು ಹಲವು ಬಾರಿ ಮರೆಯುವುದು ಈ ಮಾತನ್ನೇ.

ಈ ಭಾಗದಲ್ಲಿ ಬೇರೊಂದು ಮಾದರಿಯೂ ಇತ್ತು. 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿ ಜಲಪಾತದ ದಂಡೆಯಲ್ಲಿ ಕಾರ್ಮಿಕರಿಗಾಗಿ ವಸತಿ ಕಟ್ಟಿಸಿತು. ಗಿರಣಿಯ ವಸತಿಯಲ್ಲಿ ಮನೆ ಕಂಪನಿಯದು, ವಾಸ ಕೆಲಸಗಾರರದು. ಗೋಡೆಯ ಬಣ್ಣ, ಮಾಡಿನ ದುರಸ್ತಿ, ಅಂಗಳದ ಬಳಕೆ ಇವೆಲ್ಲ ಒಬ್ಬ ಮಾಲೀಕರ ಅಧೀನದಲ್ಲಿರುವಾಗ ಏಕರೂಪ ತಾನಾಗಿ ಬರುತ್ತದೆ. ನೂರು ಮಾಲೀಕರಿರುವ ಬಡಾವಣೆಯಲ್ಲಿ ಅದೇ ಏಕರೂಪವನ್ನು ನಿಯಮದಿಂದ ತರಲು ಹೊರಟರೆ ಪ್ರತಿಯೊಂದಕ್ಕೂ ಒಬ್ಬರ ಹಣ, ಒಬ್ಬರ ರುಚಿ ಅಡ್ಡ ಬರುತ್ತದೆ. ಗಿರಣಿಯ ವಸತಿಯ ಅಂದವನ್ನು ಮಾದರಿಯಾಗಿ ಇಟ್ಟುಕೊಳ್ಳುವ ಸಂಘ, ಅದರ ಹಿಂದಿದ್ದ ಮಾಲೀಕತ್ವ ತನಗಿಲ್ಲವೆಂಬುದನ್ನೂ ಗಮನದಲ್ಲಿಡಬೇಕು.

ಗಡಿ ದಾಟುವ ಸಂಗತಿಗಳಲ್ಲಿ ಮೊದಲನೆಯದು ನೀರು. ಗೋಕಾಕ, ಮೂಡಲಗಿ ಸೀಮೆಯಲ್ಲಿ ಬೀಳುವ ಮಳೆ ಹೆಚ್ಚಲ್ಲ. ಹರಿದು ಬರುವ ನೀರು ಹೆಚ್ಚು. ಘಟಪ್ರಭಾ ಮತ್ತು ಅದನ್ನು ಸೇರುವ ಹಿರಣ್ಯಕೇಶಿ ಸಹ್ಯಾದ್ರಿಯ ಭಾರಿ ಮಳೆಯನ್ನು ಹೊತ್ತು ತರುತ್ತವೆ. ಮಾರ್ಕಂಡೇಯ ಗೋಕಾಕದ ಬಳಿ ಕೂಡುತ್ತದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕಿನ ನದಿ ದಂಡೆಯ ಹಳ್ಳಿಗಳೂ ಜಲಾವೃತವಾದವು. ಪೂರ್ಣ ಬಿದ್ದ ಮನೆಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. 2021ರಲ್ಲಿ ಮತ್ತು 2024ರಲ್ಲಿ ನದಿ ಮತ್ತೆ ಉಕ್ಕಿತು.

ಪ್ರವಾಹದ ನಂತರ ಮನೆ ಎತ್ತರಿಸುವ ಕೆಲಸ ಸಹಜವಾಗಿಯೇ ಹೆಚ್ಚುತ್ತದೆ. ಅಡಿಪಾಯದ ಮಟ್ಟವನ್ನು ಎರಡು ಮೂರು ಅಡಿ ಏರಿಸಿ, ಅಂಗಳಕ್ಕೆ ಮುರುಮು ತುಂಬಿದರೆ ಆ ಮನೆ ಉಳಿಯುತ್ತದೆ. ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ ತಗ್ಗು ಮನೆಗೆ ಹೋಗುತ್ತದೆ. ಆದ್ದರಿಂದ ನಿಯಮ ಮನೆಯ ಎತ್ತರವನ್ನು ತಡೆಯುವ ಬದಲು ಅಂಗಳದ ಮಟ್ಟವನ್ನು ಹಿಡಿಯಬೇಕು. ಕಂಬಗಳ ಮೇಲೆ ಮನೆ ಎತ್ತರಿಸಿದರೆ ಕೆಳಗೆ ನೀರಿಗೆ ದಾರಿ ಇರುತ್ತದೆ. ಇಡೀ ಪ್ಲಾಟಿಗೆ ಮಣ್ಣು ತುಂಬಿದರೆ ಇರುವುದಿಲ್ಲ. ಕಾಂಪೌಂಡ್ ಗೋಡೆಯ ಬುಡದಲ್ಲಿ ನೀರು ಹಾಯುವ ಕಿಂಡಿ, ಸಜ್ಜಾ ಮತ್ತು ಮಾಳಿಗೆಯ ನೀರನ್ನು ಪೈಪಿನಿಂದ ಸ್ವಂತ ಪ್ಲಾಟಿನೊಳಗೇ ಇಳಿಸುವುದು, ಗಟಾರದ ಮೇಲೆ ಹಾಸುಗಲ್ಲು ಹಾಕಿದರೂ ಹೂಳು ತೆಗೆಯಲು ಎತ್ತುವಂತಿರುವುದು: ಈ ಮೂರು ಸಾಲು ಬರೆದರೆ ನೀರಿನ ಬಹುಪಾಲು ವ್ಯಾಜ್ಯ ತೀರುತ್ತದೆ.

ನೀರಿನ ಹಿಂದೆಯೇ ಮಣ್ಣು ಬರುತ್ತದೆ. ಘಟಪ್ರಭಾ ಕಾಲುವೆಯ ನೀರಾವರಿ ಪಡೆದ ಮೂಡಲಗಿ ಸುತ್ತಿನ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅಡಿಪಾಯದ ಒಂದು ಮೂಲೆಗೆ ಮಾತ್ರ ನೀರು ಸೋರುತ್ತಿದ್ದರೆ ಆ ಮೂಲೆ ಏರಿ ಇಳಿದು ಗೋಡೆ ಓರೆಯಾಗಿ ಸೀಳುತ್ತದೆ. ಪಕ್ಕದವರ ಬಚ್ಚಲ ನೀರು, ಒಡೆದ ನಳದ ಪೈಪು, ಗೋಡೆಗೆ ಹತ್ತಿದ ದೊಡ್ಡ ಮರ ಇವೆಲ್ಲ ಇಂಥ ಸೀಳಿಗೆ ಕಾರಣವಾಗುತ್ತವೆ. ಸೋರಿಕೆಯ ದೂರು ಬಂದರೆ ಇಂತಿಷ್ಟು ದಿನದೊಳಗೆ ದುರಸ್ತಿ ಎಂಬ ನಿಯಮ ಎರೆಭೂಮಿಯ ಬಡಾವಣೆಯಲ್ಲಿ ಬಣ್ಣದ ನಿಯಮಕ್ಕಿಂತ ನೂರು ಪಾಲು ಹೆಚ್ಚು ಕೆಲಸ ಮಾಡುತ್ತದೆ. ಗೋಕಾಕದ ಗುಡ್ಡದ ಇಳಿಜಾರಿನಲ್ಲಿ ಸಮಸ್ಯೆಯ ಸ್ವರೂಪ ಬೇರೆ. 2019ರ ಅಕ್ಟೋಬರ್‌ನಲ್ಲಿ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಸಡಿಲಗೊಂಡು ಕೆಳಗಿನ ಮನೆಗಳಿಗೆ ಅಪಾಯ ತಂದಿದ್ದವು. ಇಂಥ ಜಾಗದಲ್ಲಿ ಹಿತ್ತಲು ಅಗಲಿಸಲು ಗುಡ್ಡ ಕಡಿಯುವುದು, ತಡೆಗೋಡೆ ತೆಗೆಯುವುದು ಎಂಜಿನಿಯರ್ ಸಲಹೆ ಮತ್ತು ಸ್ಥಳೀಯ ಸಂಸ್ಥೆಯ ಅನುಮತಿ ಇಲ್ಲದೆ ನಡೆಯಬಾರದು.

ಮುಂದಿನದು ವಿದ್ಯುತ್ ತಂತಿ. ಹುಕ್ಕೇರಿ ತಾಲ್ಲೂಕಿಗೆ 1969ರಲ್ಲಿ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ವಿದ್ಯುತ್ ಪೂರೈಸುತ್ತದೆ. ಗೋಕಾಕ, ಮೂಡಲಗಿಗೆ ಹೆಸ್ಕಾಂ. ಪೂರೈಕೆದಾರರು ಬೇರೆಯಾದರೂ ಸುರಕ್ಷತೆಯ ಅಂತರ ಒಂದೇ. ಮನೆಗಳ ಮುಂದೆ ಹಾಯುವ ಕಡಿಮೆ ಒತ್ತಡದ ತಂತಿ ಕಟ್ಟಡದ ಪಕ್ಕದಿಂದ ಕನಿಷ್ಠ 1.2 ಮೀಟರ್, ಮೇಲೆ ಹಾಯುವುದಾದರೆ ಕಟ್ಟಡದ ತುದಿಯಿಂದ 2.5 ಮೀಟರ್ ದೂರ ಇರಬೇಕು. 11 ಕಿಲೊವೋಲ್ಟ್ ತಂತಿಗೆ ಪಕ್ಕದ ಅಂತರ 1.2 ಮೀಟರ್, ಮೇಲಿನ ಅಂತರ 3.7 ಮೀಟರ್. ತಂತಿ ಹಾಕಿದಾಗ ಮನೆ ದೂರವೇ ಇರುತ್ತದೆ. ಆಮೇಲೆ ಬಾಲ್ಕನಿ ಚಾಚುತ್ತದೆ, ಸಜ್ಜಾದ ಮೇಲೆ ಪತ್ರಾಸ್ ಶೆಡ್ ಏಳುತ್ತದೆ, ಮಾಳಿಗೆಗೆ ಕಬ್ಬಿಣದ ಕಠಡೆ ಬರುತ್ತದೆ, ಅಂತರ ಕರಗುತ್ತದೆ. ತಂತಿಯ ಬಳಿ ಕಟ್ಟಡ ಏರಿಸುವವರು ಮೊದಲು ಪೂರೈಕೆದಾರರಿಗೆ ಲಿಖಿತವಾಗಿ ತಿಳಿಸಬೇಕು. ತಂತಿ ಸರಿಸುವ ವೆಚ್ಚ ಅರ್ಜಿದಾರರದು. ಸಂಘದ ಅರ್ಜಿ ನಮೂನೆಯಲ್ಲಿ ತಂತಿಯ ಅಂತರಕ್ಕೆ ಒಂದು ಸಾಲು ಇಟ್ಟರೆ ಈ ಮಾತು ಮರೆಯುವುದಿಲ್ಲ.

ಓಣಿಯ ಅಂಚು ಮತ್ತೊಂದು ಗಡಿ. ಅನುಮೋದನೆಯಾದ ಬಡಾವಣೆಯ ರಸ್ತೆ ಮತ್ತು ಉದ್ಯಾನದ ಜಾಗವನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಅದರ ನಂತರ ಅವು ಸಾರ್ವಜನಿಕ ಆಸ್ತಿ. ಮನೆಯ ಮುಂದಿನ ಮೆಟ್ಟಿಲು, ಕೂಡುವ ಕಟ್ಟೆ, ಬೈಕು ಏರಿಸುವ ಇಳಿಜಾರು, ಹೂವಿನ ಮಡಿ, ಬೇಲಿ ಇವು ರಸ್ತೆಗೆ ಚಾಚಿದಷ್ಟೂ ಒತ್ತುವರಿ. ಸಂಘವೇ ರಸ್ತೆಗೆ ಗೇಟು ಹಾಕಿ ಬೀಗ ಜಡಿದರೆ ಅದೂ ಒತ್ತುವರಿಯ ಇನ್ನೊಂದು ರೂಪ. ಇಲ್ಲಿ ವಿನಾಯಿತಿಗೆ ಯೋಗ್ಯವಾದದ್ದು ವೃದ್ಧರು ಮತ್ತು ಅಂಗವಿಕಲರು ಇರುವ ಮನೆಯ ಗಾಲಿಕುರ್ಚಿ ಇಳಿಜಾರು. ಅದನ್ನು ಪ್ಲಾಟಿನೊಳಗೆ ತಿರುಗಿಸಿ ಕಟ್ಟಲು ಮುಂದಿನ ಜಾಗದ ಬಗ್ಗೆ ಸಂಘ ತನ್ನ ಕಡೆಯಿಂದ ಹಾಕಿಕೊಂಡ ನಿರ್ಬಂಧಗಳನ್ನು ಸಡಿಲಿಸಬೇಕು. ರಸ್ತೆಯ ಬದಿ ರಾಶಿ ಹಾಕುವ ಉಸುಕು, ಖಡಿ, ಒಡೆದ ಇಟ್ಟಂಗಿಯ ಬಗ್ಗೆಯೂ ನಿಯಮ ಬೇಕು. ಕಟ್ಟಡ ತ್ಯಾಜ್ಯವನ್ನು ರಸ್ತೆ, ಗಟಾರದಲ್ಲಿ ಸುರಿಯಬಾರದೆಂದು 2016ರ ದೇಶಮಟ್ಟದ ನಿಯಮಗಳು ಹೇಳಿದವು. ಸಂಘ ಸೇರಿಸಬೇಕಾದದ್ದು ರಾಶಿ ಎಷ್ಟು ದಿನ ಇರಬಹುದು ಎಂಬ ಅವಧಿಯೊಂದೇ.

ಮಾಳಿಗೆಯ ಮೇಲಿನ ಕೆಲಸಗಳಲ್ಲಿ ಈಗ ಮುಂಚೂಣಿಯಲ್ಲಿರುವುದು ಸೌರಫಲಕ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೊವ್ಯಾಟ್‌ಗೆ 30,000 ರೂಪಾಯಿ, 2 ಕಿಲೊವ್ಯಾಟ್‌ಗೆ 60,000, 3 ಕಿಲೊವ್ಯಾಟ್ ಮತ್ತು ಅದಕ್ಕೂ ಹೆಚ್ಚಿಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ನಿವಾಸಿಗಳ ಸಂಘದ ಸಾಮಾನ್ಯ ಸೌಲಭ್ಯಗಳಿಗೂ, ಅಂದರೆ ಬೀದಿದೀಪ, ನೀರೆತ್ತುವ ಪಂಪಿನಂಥವಕ್ಕೂ, ಪ್ರತಿ ಕಿಲೊವ್ಯಾಟ್‌ಗೆ 18,000 ರೂಪಾಯಿ ಇದೆ. ಫಲಕ ಚೆಂದ ಕಾಣುವುದಿಲ್ಲವೆಂದು ತಡೆಯುವ ನಿಯಮ ಸದಸ್ಯರ ಹಣಕ್ಕೇ ಕುತ್ತು. ಗಾಳಿಗೆ ಹಾರದಂತೆ ಕಬ್ಬಿಣದ ಚೌಕಟ್ಟನ್ನು ಭದ್ರವಾಗಿ ಬಿಗಿಯಬೇಕು, ಬಿಸಿಲಿನ ಪ್ರತಿಫಲನ ನೆರೆಮನೆಯ ಕಿಟಕಿಗೆ ಹೊಡೆಯಬಾರದು, ಮಣ್ಣಿನ ಮೇಲ್ಮುದ್ದೆಯ ಮೇಲಾದರೆ ತೊಲೆಗಳ ಬಲ ಪರೀಕ್ಷಿಸಬೇಕು. ಇಷ್ಟರ ಆಚೆಗೆ ಸಂಘ ಕೈ ಹಾಕಬೇಕಿಲ್ಲ. ನೀರಿನ ಟಾಕಿ, ಡಿಶ್ ಆಂಟೆನಾಗಳಿಗೂ ಇದೇ ನ್ಯಾಯ. ಮನೆಮಾಲೀಕರ ಸಂಘಗಳ ಬಿಗಿ ನಿಯಮಕ್ಕೆ ಹೆಸರಾದ ಅಮೆರಿಕದಲ್ಲಿಯೇ 1996ರಲ್ಲಿ ಕೇಂದ್ರ ಸಂಪರ್ಕ ಆಯೋಗ ಒಂದು ಮೀಟರ್‌ವರೆಗಿನ ಡಿಶ್‌ಗಳನ್ನು ಸಂಘಗಳು ನಿಷೇಧಿಸುವಂತಿಲ್ಲವೆಂದು ನಿಯಮ ಮಾಡಬೇಕಾಯಿತು. ಕ್ಯಾಲಿಫೋರ್ನಿಯಾ 1978ರಲ್ಲಿಯೇ ಸೌರ ಹಕ್ಕಿನ ಕಾಯ್ದೆ ತಂದು ಸೌರ ಸಾಧನಗಳ ಮೇಲಿನ ಇಂಥ ನಿರ್ಬಂಧಗಳಿಗೆ ಕಡಿವಾಣ ಹಾಕಿತ್ತು. ಅಂದದ ಹೆಸರಿನಲ್ಲಿ ಬರೆದ ನಿಯಮಗಳನ್ನು ಸರಕಾರವೇ ಮಿತಿಗೊಳಿಸಬೇಕಾದ ಆ ಅನುಭವ ಇಲ್ಲಿ ಹೊಸದಾಗಿ ಬರೆಯುವವರಿಗೆ ಸಿದ್ಧ ಪಾಠ.

ಹಾಗಾದರೆ ಬಣ್ಣ? ಒಂಟಿ ಮನೆಗಳ ಬಡಾವಣೆಯಲ್ಲಿ ಗೋಡೆಯ ಬಣ್ಣ ಯಾರ ಗಡಿಯನ್ನೂ ದಾಟುವುದಿಲ್ಲ. ಹಸಿರು, ಹಳದಿ, ಗುಲಾಬಿ ಯಾವುದಿದ್ದರೂ ಸಂಘ ಕೇಳುವ ಪ್ರಶ್ನೆ ಅದಲ್ಲ. ಬಾಗಿಲಿನ ತೋರಣ, ಹೊಸ್ತಿಲ ರಂಗೋಲಿ, ತುಳಸಿಕಟ್ಟೆ, ಹಬ್ಬದ ಆಕಾಶಬುಟ್ಟಿ, ಈದ್‌ನ ದೀಪಮಾಲೆ ಇವೂ ನಿಯಮದ ಹೊರಗೇ ಇರಬೇಕು. ಅಪಾರ್ಟ್‌ಮೆಂಟಿನಲ್ಲಿ ಮಾತು ಬೇರೆ: ಹೊರಗೋಡೆ ಎಲ್ಲರ ಪಾಲಿನದು, ಒಬ್ಬರು ತಮ್ಮ ಭಾಗಕ್ಕಷ್ಟೇ ಬಣ್ಣ ಬಳಿಯುವಂತಿಲ್ಲ. ಸ್ಮಾರಕದ ನೆರೆಯಲ್ಲಿ ಮನೆ ಇರುವವರಿಗೆ ಇನ್ನೂ ಒಂದು ಕಾನೂನು ಸೇರುತ್ತದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ, ಗೋಕಾಕ ಜಲಪಾತದ ಬಳಿ ಚಾಲುಕ್ಯ ಕಾಲದ ಗುಡಿಗಳಿವೆ. ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿರುವ ಯಾವುದೇ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಈ ಅಳತೆಯನ್ನು ಕಾನೂನಿನೊಳಗೆ ತಂದಿತು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಇಲ್ಲ, ಇದ್ದುದರ ದುರಸ್ತಿಗೂ ಅನುಮತಿ ಬೇಕು. ಅಂಥ ಕಡೆ ಪ್ಲಾಟು ಇರುವವರು ಸ್ಮಾರಕ ಯಾವ ಪಟ್ಟಿಯಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಉಸ್ತುವಾರಿಯ ನಿಯಮಗಳು ಕಾಲಮಾನಕ್ಕೆ ಹೊಂದಿದರೆ ಪಾಲನೆ ಸುಲಭ. ಈ ಸೀಮೆಯಲ್ಲಿ ಜೂನ್ ಮೊದಲ ವಾರದ ಮಿರಗ ಮಳೆಗೆ ಮುನ್ನ ಮಾಳಿಗೆ ಸರಿಮಾಡುವುದು, ದೀಪಾವಳಿಗೋ ಊರ ಜಾತ್ರೆಗೋ ಸುಣ್ಣ ಬಣ್ಣ ಮಾಡುವುದು ಹಳೆಯ ಪದ್ಧತಿ. ಮೇ ತಿಂಗಳಲ್ಲಿ ಮೇಲ್ಮುದ್ದೆಯ ಮಣ್ಣು ತಟ್ಟುವುದು, ಹಂಚು ಕೂಡಿಸುವುದು, ಪತ್ರಾಸಿನ ಮೊಳೆ ಬಿಗಿಯುವುದು, ಗಟಾರದ ಹೂಳು ಎತ್ತುವುದು. ನವೆಂಬರಿನೊಳಗೆ ಗೋಡೆಯ ಬಿರುಕು ತುಂಬುವುದು. ವರ್ಷಕ್ಕೆ ಈ ಎರಡು ಗಡುವು ಸಾಕು. ಖಾಲಿ ಪ್ಲಾಟಿನ ಮಾಲೀಕರಿಗೂ ಇದೇ ಹೊಣೆ ಇರಬೇಕು. ಹೂಡಿಕೆಗೆಂದು ಕೊಂಡು ಬೇರೆ ಊರಲ್ಲಿರುವವರ ಪ್ಲಾಟಿನಲ್ಲಿ ಜಾಲಿ ಬೆಳೆದು, ಹಾವು ಸೇರಿ, ಕಸದ ಗುಂಡಿಯಾಗುವುದನ್ನು ಎಲ್ಲ ಬಡಾವಣೆಗಳೂ ಬಲ್ಲವು. ಸದಸ್ಯ ಮಾಲೀಕರಿಂದ ವರ್ಷಕ್ಕೊಮ್ಮೆ ಸ್ವಚ್ಛತೆಯ ವಂತಿಗೆ ಪಡೆದು ಸಂಘವೇ ಕೆಲಸ ಮಾಡಿಸಬಹುದು. ಸದಸ್ಯರಲ್ಲದವರ ಬಗ್ಗೆ ಪುರಸಭೆಗೆ ದೂರು ಕೊಡಬಹುದು. ಮರ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅಡ್ಡ ನಿಲ್ಲುತ್ತದೆ. ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಪ್ಲಾಟಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ದುರಸ್ತಿಗೆ ಹಣವಿಲ್ಲದ ಮನೆಗಳ ವಿಚಾರವನ್ನು ನಿಯಮಾವಳಿ ಬಿಡಬಾರದು. ಕಬ್ಬಿನ ಬಿಲ್ಲಿಗೆ ಕಾಯುವ ರೈತ, ನಿವೃತ್ತಿ ವೇತನದಲ್ಲಿ ಬದುಕುವ ಗಿರಣಿ ಕಾರ್ಮಿಕ, ಒಬ್ಬರೇ ಇರುವ ಮುದುಕಿ ಇವರಿಗೆ ಮೂವತ್ತು ದಿನದ ನೋಟಿಸು ಕೊಟ್ಟು ದಂಡ ಹಾಕಿದರೆ ಗೋಡೆ ನೇರಾಗುವುದಿಲ್ಲ. ಅಪಾಯದ ದುರಸ್ತಿ ಮತ್ತು ಅಂದದ ದುರಸ್ತಿಯನ್ನು ಬೇರೆ ಮಾಡಬೇಕು. ಬೀಳುವ ಸಜ್ಜಾ, ಬಾಗಿದ ಕಾಂಪೌಂಡ್, ತೆರೆದ ತಂತಿ ಮೊದಲ ಗುಂಪಿಗೆ ಸೇರುತ್ತವೆ. ಅವಕ್ಕೆ ಕಾಯುವಂತಿಲ್ಲ, ಬೇಕಾದರೆ ಸಂಘ ಮುಂಗಡ ಕೊಟ್ಟು ಕಂತಿನಲ್ಲಿ ವಸೂಲು ಮಾಡಲಿ. ಮಾಸಿದ ಬಣ್ಣ, ಉದುರಿದ ಗಿಲಾವು ಎರಡನೆಯ ಗುಂಪು. ಅವಕ್ಕೆ ದಂಡವೇ ಇರಬಾರದು.

ಕೊನೆಯದಾಗಿ ಕಾರ್ಯವಿಧಾನ. ಅರ್ಜಿ ಒಂದೇ ಹಾಳೆಯದಾಗಿರಲಿ: ಸರಳ ನಕ್ಷೆ, ನೀರು ಹೋಗುವ ದಾರಿ, ತಂತಿಯ ಅಂತರ, ನೆರೆಯವರಿಗೆ ತಿಳಿಸಿದ ಸಹಿ. ನೆರೆಯವರ ಸಹಿ ತಿಳಿವಳಿಕೆಗಾಗಿಯೇ ಹೊರತು ಒಪ್ಪಿಗೆಗಾಗಿ ಅಲ್ಲವೆಂದು ಅದರಲ್ಲೇ ಬರೆದಿರಬೇಕು. ಇಲ್ಲವಾದರೆ ಹಳೆಯ ಹಗೆ ಹೊಸ ಗೋಡೆಗೆ ಅಡ್ಡ ಬರುತ್ತದೆ. ಉತ್ತರಕ್ಕೆ ಗಡುವು ಇರಬೇಕು. ಗಡುವು ಮೀರಿದರೆ ಸಂಘದ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ನಿರಾಕರಣೆ ಕಾರಣ ಸಮೇತ, ನಿಯಮದ ಸಂಖ್ಯೆ ಹೇಳಿ, ಬರಹದಲ್ಲಿ ಬರಬೇಕು. ಮೇಲ್ಮನವಿ ಸರ್ವಸದಸ್ಯರ ಸಭೆಗೆ ಹೋಗಬೇಕು. ಸಮಿತಿಯ ಸದಸ್ಯರ ಮನೆಯದೇ ಅರ್ಜಿ ಇದ್ದರೆ ಅವರು ಆ ದಿನ ಸಭೆಯಲ್ಲಿ ಕೂಡಬಾರದು. ಎಲ್ಲ ತೀರ್ಮಾನಗಳೂ ಒಂದು ವಹಿಯಲ್ಲಿ ದಾಖಲಾಗಬೇಕು, ಆ ವಹಿ ಯಾವ ಸದಸ್ಯರು ಕೇಳಿದರೂ ಸಿಗಬೇಕು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ನಿರಾಕರಿಸಿದರೆ ಅಲ್ಲಿಯೇ ಕಾಣುತ್ತದೆ.

ನಿಯಮ ಮುರಿದವರ ಮೇಲೆ ಸಂಘ ಮಾಡಬಹುದಾದದ್ದು ಸೀಮಿತ: ನೋಟಿಸು, ಉಪವಿಧಿಯಲ್ಲಿ ಮೊದಲೇ ಬರೆದ ದಂಡ, ಸ್ಥಳೀಯ ಸಂಸ್ಥೆಗೆ ದೂರು, ಸಿವಿಲ್ ನ್ಯಾಯಾಲಯ. ನೀರು ಅಥವಾ ವಿದ್ಯುತ್ ಕಡಿಯುವುದು, ಗೋಡೆ ಕೆಡವುವುದು, ದಾರಿ ಕಟ್ಟುವುದು ಸಂಘದ ಅಧಿಕಾರದಲ್ಲಿಲ್ಲ. ಮಾಡಿದರೆ ಸಂಘವೇ ಪ್ರತಿವಾದಿಯಾಗಿ ನಿಲ್ಲಬೇಕಾಗುತ್ತದೆ. ಹೊಸ ನಿಯಮ ಅಂಗೀಕಾರವಾದ ದಿನಕ್ಕಿಂತ ಹಿಂದೆ ಆದ ಬದಲಾವಣೆಗಳನ್ನು ಪಟ್ಟಿ ಮಾಡಿ, ಅಪಾಯ ಇದ್ದವನ್ನು ಮಾತ್ರ ತಿದ್ದಿಸಿ, ಉಳಿದವನ್ನು ಸಂಘದ ಮಟ್ಟಿಗೆ ಹಾಗೆಯೇ ಬಿಡುವುದು ನ್ಯಾಯ. ಮನೆ ಮಾರಾಟವಾದಾಗ ಕೊಳ್ಳುವವರ ಕೈಗೆ ಉತಾರದ ಜೊತೆ ನಿಯಮಾವಳಿಯ ಪ್ರತಿಯೂ ಸಿಗಬೇಕು. ಬಾಡಿಗೆದಾರರಿಗೆ ಅನ್ವಯಿಸುವ ಭಾಗವನ್ನು ಕರಾರು ಪತ್ರದಲ್ಲಿ ಸೇರಿಸುವ ಹೊಣೆ ಮಾಲೀಕರದು. ನಿಯಮಾವಳಿ ಕನ್ನಡದಲ್ಲಿರಬೇಕು, ನಾಲ್ಕು ಪುಟ ಮೀರಬಾರದು, ಸರ್ವಸದಸ್ಯರ ಸಭೆಯಲ್ಲಿ ಓದಿ ಅಂಗೀಕಾರವಾಗಬೇಕು. ಮೂರು ವರ್ಷಕ್ಕೊಮ್ಮೆ ಅದರ ಪರಿಶೀಲನೆ ನಡೆದು, ಯಾರ ಗಡಿಯನ್ನೂ ಕಾಯದ ನಿಯಮ ಕಂಡುಬಂದರೆ ಅದನ್ನು ಅದೇ ಸಭೆಯಲ್ಲಿ ತೆಗೆದುಹಾಕಬೇಕು.

ಇಂತಿ,
ಬೆಳಗಾವಿ ಜಿಲ್ಲೆಯ ಪಟ್ಟಣವಾಸಿ